ಟೋಪಿ ಮಾಸ್ತಿಯ ಮೊಮ್ಮಗಳು

“ನಿಮ್ಮಜ್ಜನ ಟೋಪಿ ಇನ್ನೂ ಇದೆಯಂತಲ್ಲ, ಕಲಾವತಕ್ಕಾ?”

ಜಗಲಿಯಲ್ಲಿ ಕೂತವನು, ಕೊಟ್ಟ ಚಹಾ ಮುಟ್ಟುವ ಮೊದಲೇ ಹೀಗೆ ಕೇಳಿದ್ದು ಕಲಾವತಿಗೆ ಸರಿಬರಲಿಲ್ಲ. ಅಂಕೋಲೆಯವನಂತೆ, ನಿತಿನ ಎಂದು ಹೆಸರಂತೆ, ಹಳೇ ಕ್ರಿಕೆಟ್ ಆಟಗಾರರ ಮೇಲೆ ಪುಸ್ತಕ ಬರೆಯುತ್ತಾನಂತೆ. ದೇವಬಾಗಕ್ಕೆ ಸಮುದ್ರ ನೋಡಲು ಬರುವವರನ್ನು ಅವಳು ಕಂಡಿದ್ದಳು, ಟೋಪಿ ನೋಡಲು ಬಂದವರನ್ನಲ್ಲ.

“ಯಾವ ಟೋಪಿ, ತಮಾ? ನಮ್ಮನೇಲಿ ಎಂತದೂ ಇಲ್ಲ.”

ಬೇಲಿಯಾಚೆ ಮೀನು ಒಣಹಾಕುತ್ತಿದ್ದ ಮಂಜಿ ಕಿಸಕ್ಕನೆ ನಕ್ಕಳು. ನಗದೇ ಏನು? ಅಜ್ಜ ಮಾಸ್ತಿ ಹರಿಕಂತ್ರ ಇಂಡಿಯಾ ತಂಡದ ಜೊತೆ ವಿಲಾಯತಿಗೆ ಹೋಗಿ, ಬ್ರಿಟಿಷರ ಎದುರೇ ಬೌಲಿಂಗ್ ಮಾಡಿ ಬಂದೆ ಎಂದದ್ದನ್ನು ಕೇರಿಯಲ್ಲಿ ಒಬ್ಬರೂ ನಂಬಿರಲಿಲ್ಲ. ಮುಂಬೈ ಪೇಟೆಯಲ್ಲಿ ಟೋಪಿ ಕೊಂಡು ತಂದು, ತಂಡದ್ದೆಂದು ತೋರಿಸಿ ಊರಿಗೇ ಟೋಪಿ ಹಾಕಿದ ಎಂದರು. ಟೋಪಿ ಮಾಸ್ತಿ ಎಂಬ ಹೆಸರು ಅವನು ಸತ್ತ ಮೇಲೂ ಹೋಗಲಿಲ್ಲ.

ಬಂದವನ ಮೇಲೆ ಕಲಾವತಿಗೆ ಗುಮಾನಿ ಇದ್ದದ್ದು ನಿಜ. ಅದಕ್ಕಿಂತ ದೊಡ್ಡ ಗುಮಾನಿ ಅಜ್ಜನ ಮೇಲೇ. ಪೆಟ್ಟಿಗೆಯಲ್ಲಿರುವ ಟೋಪಿಯನ್ನು ಈತ ಹಿಂದೆಮುಂದೆ ತಿರುಗಿಸಿ, ಇದು ಪೇಟೆಯದೇ ಎಂದುಬಿಟ್ಟರೆ? ಎತ್ತಿ ಆಡಿಸಿದ ಅಜ್ಜ ಸುಳ್ಳುಗಾರನೆಂದು ತಿಳಿಯುವುದಕ್ಕಿಂತ ತಿಳಿಯದೇ ಇರುವುದೇ ವಾಸಿ.

ನಿತಿನ ಫೋನು ಮುಂದೆ ಹಿಡಿದ. “ಲಂಡನ್ ಪೇಪರಿನ ಹಳೇ ಫೋಟೊ. ಎಂ. ಹರಿಕಂತ್ರ ಅಂತ ಹೆಸರಿದೆ. ಮುಖ ಮಾತ್ರ ಮಸುಕು.”

“ಈಗ ಎಂತಾ ಫೋಟೊ ಬೇಕಾದ್ರೂ ಮಾಡ್ತರೆ,” ಎಂದಳು. ಆದರೂ ಕಣ್ಣು ಹೋಯಿತು. ಬಿಳಿ ಅಂಗಿಯವನೊಬ್ಬ ಚೆಂಡು ಎಸೆಯಲು ಕೈ ಎತ್ತಿದ್ದ. “ಅವ್ನ ಬಾಯಲ್ಲಿ ಅದೆಂತದು?”

“ಅಂಗಿ ಕಾಲರು. ಪ್ರತಿ ಸಲ ಎಸೆಯುವಾಗಲೂ ಕಚ್ಚಿಕೊಳ್ಳುತ್ತಿದ್ದರಂತೆ. ಯಾಕೆ ಅಂತ ಆ ಪೇಪರಿನವರಿಗೂ ಗೊತ್ತಾಗಲಿಲ್ಲ.”

ಕಲಾವತಿಗೆ ಗೊತ್ತಾಯಿತು. ಅಜ್ಜನ ಹಾಗೆ ಕಾಳಿ ನದಿಯಲ್ಲಿ ನಿಂತು ಬೀಸುಬಲೆ ಎಸೆಯುವವನು ಬಲೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು, ಇಲ್ಲವಾದರೆ ಬಲೆ ಅರಳುವುದಿಲ್ಲ. ಕೈ ಮೇಲೆದ್ದರೆ ಬಾಯಿ ತಾನಾಗಿ ಏನನ್ನಾದರೂ ಹುಡುಕುತ್ತದೆ. ಅವಳಿಗೆಂದು ಮಾವಿನಕಾಯಿಗೆ ಕಲ್ಲು ಬೀಸುವಾಗಲೂ ಅಜ್ಜ ಹೆಗಲ ಮೇಲಿನ ಟವೆಲ್ಲು ಕಚ್ಚುತ್ತಿದ್ದ.

ಒಳಗೆ ಓಡಿ ಟೋಪಿ ತಂದಳು. ನಿತಿನ ಎರಡೂ ಕೈ ಚಾಚಿದ. ಅವಳು ಅವನನ್ನು ದಾಟಿ ನೆಟ್ಟಗೆ ಬೇಲಿಯ ಹತ್ತಿರ ಹೋದಳು.

“ಏ ಮಂಜಿ, ಬಾರೇ ಇಲ್ಲಿ! ನಮ್ಮಜ್ಜ ಹಾಕಿದ ಟೋಪಿ ನೋಡು!”