ಮಲ್ಲಾಬಾಯಿ ಹೆಸರಿನ ನಳಿಕೆ

ಮಲ್ಲಾಬಾಯಿಯ ಸಾಮಾನು ಆಗಲೇ ಟ್ರ್ಯಾಕ್ಟರ್ ಏರಿತ್ತು. ಎರಡು ಕೊಡ, ಹಾಸಿಗೆ ಸುರುಳಿ, ಬೀಸುವ ಕಲ್ಲು. ಎಪ್ಪತ್ತು ವರ್ಷದ ಸಂಸಾರ ಅಷ್ಟೇ. ಮುದುಕಿಯನ್ನು ಸಗರದ ಕಾಲುವೆ ಓಣಿಯಿಂದ ಎಬ್ಬಿಸಿ ರಂಗಂಪೇಟೆಯ ತಂಗಿಯ ಮನೆಗೆ ಬಿಟ್ಟುಬರಬೇಕೆಂದು ಓಣಿಯವರು ಠರಾಯಿಸಿದ್ದರು. ತಿಮ್ಮಣ್ಣ ಇಂಜಿನ್ ಚಾಲೂ ಮಾಡಿ ಕೂತಿದ್ದ.

ಅಂಬ್ರಪ್ಪ ಬೇವಿನ ನೆರಳಲ್ಲಿ ನಿಂತು ನೋಡುತ್ತಿದ್ದ. ಕಾಲುವೆಗೆ ನೀರು ಬಂದಾಗಿನಿಂದ ಅವನದು ಮಲೇರಿಯಾ ನೌಕರಿ. ಮನೆಮನೆ ತಿರುಗಿ, ಜ್ವರ ಬಂದವರ ರಕ್ತ ತೆಗೆದು, ಗುಳಿಗೆ ಕೊಡಬೇಕು. ಜ್ವರ ಇಲ್ಲದವರ ರಕ್ತ ತೆಗೆಯುವ ರೂಢಿ ಇಲ್ಲ. ತಿರುಗಿ ತಿರುಗಿ ಅವನಿಗೆ ಸಾಕಾಗಿಹೋಗಿತ್ತು.

ಹೋದ ತಿಂಗಳು ಅವನ ಮೊಮ್ಮಗಳು ಮೌನಮ್ಮನಿಗೆ ವರ್ಷದಲ್ಲಿ ಮೂರನೇ ಸಲ ಜ್ವರ ಬಂದಿತ್ತು. ಐದು ವರ್ಷದ ಕೂಸು, ಅಜ್ಜನ ಮಗ್ಗುಲು ಬಿಟ್ಟು ಮಲಗದವಳು. ಇಬ್ಬರಿಗೂ ಒಂದೇ ಹರಿದ ಸೊಳ್ಳೆಪರದೆ. ಇನ್ನೊಂದು ಸಲ ಬಂದರೆ ಕೂಸು ತಡೆಯಲಾರದು ಎಂದು ಶಹಾಪುರದ ಡಾಕ್ಟರು ಹೇಳಿದ್ದರು. ಹತ್ತಿರದಲ್ಲೇ ಯಾರೋ ರೋಗ ಹೊತ್ತು ತಿರುಗುತ್ತಿದ್ದಾರೆ. ಯಾರು?

ಪಕ್ಕದ ಗುಡಿಸಲಿನ ಮಲ್ಲಾಬಾಯಿಗೆ ವರ್ಷಗಳಿಂದ ಮೈ ಬೆಚ್ಚಗಾಗಿರಲಿಲ್ಲ. "ಆಕಿ ಮೈಯಾಗ ಏನೋ ಅದ" ಎಂದು ಮೊದಲು ಅಂದವಳು ಅಂಬ್ರಪ್ಪನ ಮಗಳು, ಮೌನಮ್ಮನ ತಾಯಿ ಸುಂದ್ರಮ್ಮ. ಜನ ಅಂಬ್ರಪ್ಪನನ್ನೂ ಬಿಡುತ್ತಿರಲಿಲ್ಲ. ಇವನ ಸೂಜಿಗೆ ಹೆದರಿ ಜ್ವರವೂ ಇವನ ಹತ್ತಿರ ಸುಳಿಯುವುದಿಲ್ಲ ಎಂದು ನಗುತ್ತಿದ್ದರು.

ಅಷ್ಟರಲ್ಲಿ ಮಲೇರಿಯಾ ಸಂಶೋಧನೆಯ ಡಾಕ್ಟರಮ್ಮ ಊರಿಗೆ ಬಂದಳು. ಅವಳಿಗೆ ಜ್ವರ ಬರದವರ ರಕ್ತವೇ ಬೇಕಿತ್ತು. ಅಂಬ್ರಪ್ಪ ಮಲ್ಲಾಬಾಯಿಯ ಹೆಸರು ಬರೆಸಿದ. ಎರಡು ಸಲ ಹೋದಾಗ ಮುದುಕಿ ಸೂಜಿ ಕಂಡು ಕದ ಹಾಕಿಕೊಂಡಳು. ಮೂರನೇ ಸಲ ಬಿಸಿಲು ಸುಡುತ್ತಿತ್ತು, ಜೀಪು ಹಾರ್ನ್ ಹೊಡೆಯುತ್ತಿತ್ತು. ಗುಡಿಸಲಿನಿಂದ ಹೊರಬಂದ ಅಂಬ್ರಪ್ಪನ ಕೈಯಲ್ಲಿ ಮಲ್ಲಾಬಾಯಿಯ ಹೆಸರು ಬರೆದ, ರಕ್ತ ತುಂಬಿದ ನಳಿಕೆ ಇತ್ತು. ಆ ಸೆಕೆಯಲ್ಲೂ ಅಂಗಿಯ ತುಂಬುತೋಳಿಗೆ ಗುಂಡಿ ಹಾಕಿದ್ದ.

"ಕಡೀಗೂ ಸಿಕ್ತೇನು?" ಎಂದಳು ಜೀಪಿನೊಳಗಿದ್ದ ಡಾಕ್ಟರಮ್ಮ.

"ಸಿಕ್ತ್ರಿ. ಜ್ವರ ಬರದವರ ರಕ್ತಾನ ಅದ."

ಹತ್ತು ದಿನ ಕಳೆದು, ನಿನ್ನೆ ಡಾಕ್ಟರಮ್ಮ ಗುಳಿಗೆಯ ಪೊಟ್ಟಣ ಹಿಡಿದು ಅಂಬ್ರಪ್ಪನ ಮನೆಗೆ ಬಂದಳು.

"ಈ ರಕ್ತದಾಗ ಮಲೇರಿಯಾ ತುಂಬೇದ, ಅಂಬ್ರಪ್ಪ. ಮೈ ಕಾಯೋ ಕೋಶದಾಗ ಗಾಮಾ-ಡೆಲ್ಟಾ ಟಿ ಕೋಶ ಅಂತ ಒಂದು ಬ್ಯಾರೆ ಜಾತಿ ಅದ. ರೋಗ ಕಂಡ ಕೂಡ್ಲೆ ಗದ್ದಲ ಎಬ್ಬಸ್ತಾವ. ಜ್ವರಕ್ಕ ಆ ಗದ್ದಲಾನೂ ಕಾರಣ. ವರ್ಷಾನುಗಟ್ಟಲೆ ಮಲೇರಿಯಾ ಬಂದು ಬಂದು ಅವು ಕಮ್ಮಿ ಆಗ್ತಾವ, ಉಳದಾವು ದಣದು ಸುಮ್ಮನಾಗ್ತಾವ."

"ಮೈ ಗೆದ್ದದಂತ ತಿಳಿದಿದ್ದೆನ್ರಿ."

"ಗೆದ್ದಿಲ್ಲ, ಸಾಕಾಗಿ ಕುಂತದ. ಜ್ವರ ಬರಂಗಿಲ್ಲ, ರೋಗ ಒಳಗ ಇರ್ತದ. ಸೊಳ್ಳಿ ಕಡದು ಮಗ್ಗಲದವರಿಗೆ ಒಯ್ತದ. ಗುಳಿಗಿ ತಪ್ಪದಂಗ ನುಂಗಸು."

ಬಾಗಿಲ ಹಿಂದೆ ಸುಂದ್ರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಗುಳಿಗೆಯಿಂದ ವಾಸಿಯಾಗುತ್ತದೆ ಎಂಬುದು ಯಾರಿಗೂ ಬೇಕಿರಲಿಲ್ಲ. ಅಂಬ್ರಪ್ಪ ರಾತ್ರಿ ಊಟ ಮಾಡಲಿಲ್ಲ. ಮೌನಮ್ಮ ಅತ್ತು ಕರೆದರೂ ಹೊರಗೆ ಒಬ್ಬನೇ ಮಲಗಿದ. ಪೊಟ್ಟಣ ಇನ್ನೂ ಅವನ ಜೇಬಿನಲ್ಲೇ ಇತ್ತು.

ಈಗ ಮಲ್ಲಾಬಾಯಿ ಟ್ರ್ಯಾಕ್ಟರ್ ಏರಲು ಸೆರಗು ಸಿಕ್ಕಿಸಿದಳು.

"ನಿನ್ನ ರಕ್ತಾನ ಹೇಳೇದ, ಮುದುಕಿ," ಎಂದಳು ಸುಂದ್ರಮ್ಮ, ಸೋತ ಕೂಸನ್ನು ಹೆಗಲಿಗೆ ಹಾಕಿಕೊಂಡು. "ಮತ್ತೇನ್ ಮಾಡಮು?"

"ನನ್ನ ರಕ್ತದ ಸುದ್ದಿ ಅಂಬ್ರಪ್ಪಗ ಗೊತ್ತು," ಎಂದಳು ಮಲ್ಲಾಬಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವನ್ನ ಕೇಳ್ರಿ."

ಅಂಬ್ರಪ್ಪನಿಗೆ ನಾಚಿಕೆಯಾಯಿತು. ಅವನು ಬಂದು ಬೀಸುವ ಕಲ್ಲನ್ನು ಕೆಳಗಿಳಿಸಿದ. ಆಮೇಲೆ ಪೊಟ್ಟಣ ಹರಿದು, ಕೊಡದ ನೀರು ಬಗ್ಗಿಸಿಕೊಂಡು ಗುಳಿಗೆ ನುಂಗಿದ.

"ಅಪ್ಪಾ, ಅವು ಆಕಿ ಗುಳಿಗಿ."

ಅಂಬ್ರಪ್ಪ ಎಡತೋಳಿನ ಗುಂಡಿ ಬಿಚ್ಚಿ ಅಂಗಿ ಮೇಲಕ್ಕೆ ಸರಿಸಿದ. ಮೊಣಕೈ ಮಡಿಕೆಯಲ್ಲಿ ಹಳದಿಗಟ್ಟಿದ ಸೂಜಿಯ ಕಲೆ ಇತ್ತು.

"ಆ ದಿನ ಮಲ್ಲಾಬಾಯಿ ನನಗ ಬರೀ ಚಹಾ ಕೊಟ್ಟಿದ್ಳವ್ವ. ನಳಿಕ್ಯಾಗ ತುಂಬಿದ್ದು ಈ ಕೈಯ ರಕ್ತ."