ಮೊದಲು ನಕ್ಕವಳು

ಊಟವಾದ ಮೇಲೆ ಓದಿ... ಆದರೆ ಪೂರ್ತಿ ಓದಿ.

ಗದಗದಲ್ಲಿ ಸುವರ್ಣಾ ಅಂತ ಒಬ್ಬ ತಾಯಿ. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ.

ಒಬ್ಬಳೇ ಮಗಳು ಸೃಷ್ಟಿ, ಒಂಬತ್ತನೇ ಕ್ಲಾಸು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಆದರೆ ಓದುವುದರಲ್ಲಿ ಬಲು ಚುರುಕು... ಕೈಗೆ ಸಿಕ್ಕ ಪೇಪರಿನ ಚೂರನ್ನೂ ಬಿಡದೆ ಓದುವ ಹುಡುಗಿ.

ತಾಯಿ ಮಗಳು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಅವರ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾದ ಸನ್ನೆ ಒಂದಿತ್ತು.

ತೋರುಬೆರಳನ್ನು ಗಾಳಿಯಲ್ಲಿ ಮುಂದಕ್ಕೆ ಸುತ್ತಿಸಿದರೆ... "ಆಮೇಲೆ ಹೇಳ್ತೀನಿ" ಅಂತ ಅರ್ಥ.

ಆ ವರ್ಷ ಸುವರ್ಣಾಳ ಅಣ್ಣನ ಮಗಳು ರೂಪಾಳ ಕುಬಸದ ಕಾರ್ಯ. ಬಸುರಿಗೆ ಹಸಿರು ಬಳೆ, ಆರತಿ, ಊಟ... ಆಮೇಲೆ ಹೆಂಗಸರ ಒಡಪು.

ಗಂಡನ ಹೆಸರನ್ನು ಪ್ರಾಸದೊಳಗೆ ಸೇರಿಸಿ ಹೇಳಬೇಕು. ಅದರಲ್ಲಿ ರೂಪಾಳ ತಾಯಿ ಕಸ್ತೂರಿ ಅತ್ತಿಯನ್ನು ಮೀರಿಸುವವರಿಲ್ಲ. ಅವಳು ಎದ್ದು ಒಂದು ಒಡಪು ಹೇಳಿದಳು ನೋಡಿ... ಮನೆಗೆ ಮನೆಯೇ ಹೊಟ್ಟೆ ಹಿಡಿದು ನಕ್ಕಿತು!

ಸೃಷ್ಟಿ ಅವ್ವನ ಸೆರಗು ಎಳೆದಳು. "ಏನು?"

ಸಾರಿನ ಸೌಟು ಹಿಡಿದಿದ್ದ ಸುವರ್ಣಾ ಬೆರಳು ಸುತ್ತಿಸಿದಳು. "ಆಮೇಲೆ."

ಹುಡುಗಿ ಸುತ್ತಲಿನ ಮುಖಗಳನ್ನು ನೋಡಿದಳು... ಎಲ್ಲರೂ ನಗುತ್ತಿದ್ದಾರೆ ಅಂತ ತಾನೂ ನಕ್ಕಳು. ಅಷ್ಟರಲ್ಲಿ ಉಳಿದವರ ನಗು ನಿಂತುಹೋಗಿತ್ತು.

ಮನೆಗೆ ಬಂದ ಮೇಲೆ ಅವ್ವನ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದಳು.

"ರೂಪಕ್ಕನ ಮಗುವಿನ ತೊಟ್ಟಿಲ ಕಾರ್ಯಕ್ಕೆ ನಾನು ಬರುವುದಿಲ್ಲ. ಇನ್ನು ಯಾವ ಕಾರ್ಯಕ್ಕೂ ಬರುವುದಿಲ್ಲ. ಮುಖ ನೋಡಿ ನಗುವುದು ಸಾಕಾಗಿದೆ."

ಸುವರ್ಣಾ ಅದನ್ನು ಮತ್ತೆ ಮತ್ತೆ ಓದಿದಳು.

ಕುಬಸದ ವಿಡಿಯೊ ಕಸ್ತೂರಿಯ ಗಂಡ ವಿರೂಪಾಕ್ಷಪ್ಪನ ಫೋನಿನಲ್ಲಿತ್ತು. ಅದನ್ನು ತೆಗೆದುಕೊಂಡು ಸ್ಟುಡಿಯೊಗೆ ಹೋದಳು. "ಇದರಾಗ ಮಾತಾಡಿದ್ದೆಲ್ಲಾ ಕೆಳಗ ಅಕ್ಷರದಾಗ ಬರಬೇಕ್ರಿ."

"ಮದುವಿ ಸೀಜನ್ ಐತ್ರಿ ಅಕ್ಕಾರ... ಆಮ್ಯಾಲೆ ನೋಡೂಣು."

ಮತ್ತೆ ಆಮ್ಯಾಲೆ!

ಸುವರ್ಣಾ ಅಲ್ಲೇ ತೀರ್ಮಾನ ಮಾಡಿದಳು. ನಾನೇ ಮಾಡುತ್ತೇನೆ.

ಮನೆಯಲ್ಲಿ ಗಂಡನ ಹಳೇ ಲ್ಯಾಪ್‌ಟಾಪ್ ಇತ್ತು. ದುಡ್ಡು ಕೊಡದೆ ಸಿಗುವ ಒಂದು ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಸಿಕೊಂಡಳು.

ವಿರೂಪಾಕ್ಷಪ್ಪನಿಗೆ ನಗು. "ಇದೇನ್ ರೊಟ್ಟಿ ಬಡದಂಗ ಅಂದ್ಕೊಂಡಿ ಏನವಾ ತಂಗಿ? ಕಂಪ್ಯೂಟರಿಗೆ ಹಿಟ್ಟು ಮೆತ್ತೀತು, ನೋಡು ಮತ್ತ!"

"ರೊಟ್ಟಿನೂ ಮೊದಲನೇ ದಿನ ದುಂಡಗ ಬಂದಿದ್ದಿಲ್ರಿ ಅಣ್ಣಾರ... ಅಂಗೈಯಾಗ ಹರೀತು, ಹಂಚಿನ ಮ್ಯಾಲ ಹೊತ್ತಿತು. ಹಂಗಂತ ಬಿಟ್ಟಿದ್ರ ಇವತ್ತು ನೀವು ಏನ್ ಉಣ್ತಿದ್ರಿ?"

ಹರಿದದ್ದಂತೂ ಹರಿಯಿತು... ವಿಡಿಯೊ ಒಳಗೆ ಹೋಯಿತಲ್ಲ ಅಂತ ಅಸಲು ಫೈಲನ್ನೇ ಅಳಿಸಿಬಿಟ್ಟಳು. ಮರುದಿನ ತೆರೆದರೆ ಪರದೆ ಕಪ್ಪು! ಅಸಲು ಇದ್ದ ಜಾಗದಲ್ಲೇ ಇರಬೇಕು ಅಂತ ಆಗಲೇ ಗೊತ್ತಾಗಿದ್ದು.

ಇನ್ನೊಂದು ದಿನ ಸೇವ್ ಮಾಡುವ ಮೊದಲೇ ಕರೆಂಟು ಹೋಯಿತು. ಇಡೀ ಮಧ್ಯಾಹ್ನದ ಕೆಲಸ ಮಣ್ಣುಪಾಲು.

ಕಣ್ಣು ಒರೆಸಿಕೊಂಡಳು... ವಿಡಿಯೊವನ್ನು ಮತ್ತೆ ತರಿಸಿದಳು... ಮತ್ತೆ ಕೂತಳು.

ಕೆಳಗೆ ವಿಡಿಯೊದ ಪಟ್ಟಿ, ಅದರ ಮೇಲೆ ಅಕ್ಷರದ ಪಟ್ಟಿ. ಒಂದು ಮಾತು ಕೇಳುವುದು, ನಿಲ್ಲಿಸುವುದು, ಟೈಪ್ ಮಾಡುವುದು, ಮತ್ತೆ ಕೇಳುವುದು...

ಅಕ್ಷರ ಸರಿಯಾಗಿ ಕಾಣುತ್ತದೆಯೇ ನೋಡಲು ಒಮ್ಮೆ ಸೌಂಡ್ ಪೂರ್ತಿ ಬಂದ್ ಮಾಡಿದಳು.

ಬಾಯಿಗಳು ಅಲ್ಲಾಡುತ್ತಿದ್ದವು. ಹಲ್ಲುಗಳು ಹೊಳೆಯುತ್ತಿದ್ದವು. ಏನೂ ಕೇಳಿಸಲಿಲ್ಲ...

ನನ್ನ ಮಗಳು ಇಷ್ಟು ವರ್ಷ ನೋಡಿದ್ದು ಇದನ್ನೇ!

ರೊಟ್ಟಿಯ ಹೆಂಗಸು ಲ್ಯಾಪ್‌ಟಾಪ್ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು... ಮುಂದಿನ ಸಾಲು ಟೈಪ್ ಮಾಡಿದಳು.

ತೊಟ್ಟಿಲ ಕಾರ್ಯ ಬಂತು. "ಇದೊಂದು ಸಲ ಬಾ, ಆಮೇಲೆ ನಾನು ಒತ್ತಾಯ ಮಾಡುವುದಿಲ್ಲ" ಅಂತ ಸನ್ನೆ ಮಾಡಿ ಮಗಳನ್ನು ಒಪ್ಪಿಸಿದಳು.

ಹೊರಡುವ ಅವಸರದಲ್ಲಿ ಒಂದು ಆಸೆ... ವಿಡಿಯೊದ ಶುರುವಿನಲ್ಲಿ ಕೂಸಿನ ಫೋಟೊ ಸೇರಿಸಿದಳು. ಮತ್ತೊಮ್ಮೆ ನೋಡಲು ಪುರಸೊತ್ತಾಗಲಿಲ್ಲ.

ಎಲ್ಲರೂ ಟಿವಿ ಮುಂದೆ ಕೂತರು. ವಿರೂಪಾಕ್ಷಪ್ಪನೇ ಪೆನ್‌ಡ್ರೈವ್ ಸಿಕ್ಕಿಸಿದ. ಕೂಸಿನ ಫೋಟೊ ಬಂತು... ಆರತಿ ಬಂತು...

"ಏ ತಂಗಿ! ಅಕ್ಷರ ಮೊದಲು ಬರಾಕತ್ತಾವು, ಮಾತು ಹಿಂದ ಬರಾಕತ್ತೇತಿ! ಗಾಡಿ ಮುಂದ, ಎತ್ತು ಹಿಂದ!"

ಎಲ್ಲರೂ ಗೊಳ್ಳೆಂದರು. ಸುವರ್ಣಾ ಪರದೆಯನ್ನೇ ದಿಟ್ಟಿಸಿದಳು. ಫೋಟೊ ಸೇರಿಸಿದಾಗ ವಿಡಿಯೊ ಹಿಂದೆ ಸರಿದಿತ್ತು... ಅಕ್ಷರದ ಪಟ್ಟಿ ಅಲ್ಲೇ ನಿಂತಿತ್ತು! ಅದನ್ನೂ ಸರಿಸಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ.

ನಿಲ್ಲಿಸೋಣ ಅಂತ ರಿಮೋಟಿಗೆ ಕೈ ಚಾಚಿದಳು.

ಆಗ ಒಂದು ನಗು ಕೇಳಿಸಿತು.

ದೊಡ್ಡ ನಗು... ಮೈಮರೆತ ನಗು. ಸೃಷ್ಟಿ!

ಟಿವಿಯಲ್ಲಿ ಕಸ್ತೂರಿ ಅತ್ತಿ ಇನ್ನೂ ಸೆರಗು ಸರಿಮಾಡಿಕೊಂಡು ಏಳುತ್ತಿದ್ದಳು. ಬಾಯಿ ತೆರೆದಿರಲಿಲ್ಲ. ಉಳಿದವರು ತಾವು ಎಲ್ಲಿ ಕಾಣುತ್ತೇವೆ ಅಂತ ಹುಡುಕುತ್ತಿದ್ದರು, ಅಕ್ಷರ ಓದುವವರು ಯಾರು?

ಕೆಳಗೆ ಬಿಳಿ ಅಕ್ಷರದಲ್ಲಿತ್ತು...

"ಹಿತ್ತಲಾಗ ಹಬ್ಬೇತಿ ಹೀರಿಕಾಯಿ ಬಳ್ಳಿ... ನಮ್ಮ ವಿರೂಪಾಕ್ಷಪ್ಪನವರು ಗೊರಕಿ ಹೊಡದ್ರ ಗ್ವಾಡಿ ಬಿಟ್ಟು ಓಡ್ತೈತಿ ಹಲ್ಲಿ!"

ಇಡೀ ಮನೆ ಸೃಷ್ಟಿಯ ಕಡೆ ತಿರುಗಿತು. ಕಸ್ತೂರಿ ಅತ್ತಿಯೇ ಅವಳ ಭುಜ ಅಲುಗಾಡಿಸಿ, ಅಂಗೈ ಅರಳಿಸಿ ಕೇಳಿದಳು. "ಏನ ನನ್ನವ್ವಾ? ಯಾಕ ನಗಾಕತ್ತಿ?"

ನಗುತ್ತಲೇ ಸೃಷ್ಟಿ ಕೈ ಎತ್ತಿದಳು... ತೋರುಬೆರಳನ್ನು ಗಾಳಿಯಲ್ಲಿ ಮುಂದಕ್ಕೆ ಸುತ್ತಿಸಿದಳು.

"ಆಮೇಲೆ ಹೇಳ್ತೀನಿ."

ಆ ಸನ್ನೆ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಅವಳಿಗೆ ಅದನ್ನು ಮಾಡಿದವರೇ...

ಅಷ್ಟರಲ್ಲಿ ಟಿವಿಯೊಳಗಿನ ಕಸ್ತೂರಿ ಒಡಪು ಹೇಳಿ ಮುಗಿಸಿದಳು... ಎಲ್ಲರೂ ನಕ್ಕರು, ಕಣ್ಣು ಒರೆಸಿಕೊಳ್ಳುತ್ತಾ ನಕ್ಕರು. ಆ ದಿನ ಮೊದಲು ನಕ್ಕವಳು ಸೃಷ್ಟಿ.

ಹಲ್ಲಿ ಓಡಿಸಿದ ವಿರೂಪಾಕ್ಷಪ್ಪ ಮೆಲ್ಲಗೆ ಹೇಳಿದ. "ತಂಗಿ... ಯಾರ ಕಡಿಂದರ ಇದನ್ನ ಸರಿ ಮಾಡಸೂಣೇನು?"

"ಬ್ಯಾಡ್ರಿ ಅಣ್ಣಾರ. ಮುಂದಿಂದು ನಾನ ಸರಿ ಮಾಡ್ತೀನಿ... ಇದೊಂದು ಹಿಂಗ ಇರ್ಲಿ."

ಹೊರಡುವಾಗ ಸೃಷ್ಟಿ ಅವ್ವನ ಫೋನು ಕಸಿದುಕೊಂಡು ಟೈಪ್ ಮಾಡಿದಳು. "ಮುಂದಿನ ಕಾರ್ಯ ಯಾವಾಗ?"

.

ನಗುವಿನ ಪಾಲು ಬಿಸಿಯಿರುವಾಗಲೇ ಬಡಿಸಬೇಕು... ಆರಿದ ಮೇಲೆ ಅದು ಬರೀ ಸುದ್ದಿ.

.

ನಿಮ್ಮ ಮನೆಯಲ್ಲಿ ನಿಮ್ಮ "ಆಮೇಲೆ"ಗಾಗಿ ಇನ್ನೂ ಕಾಯುತ್ತಿರುವವರು ಯಾರು?