ನೀರಿಗೆ ಕಾವಲು

ಆಸ್ಪತ್ರೆಯ ಕೋಣೆಯಲ್ಲಿದ್ದ ನೀರಿನ ಜಗ್ಗು, ಲೋಟ ಎರಡನ್ನೂ ನರ್ಸ್ ಎತ್ತಿಕೊಂಡಳು. ಟಾಯ್ಲೆಟ್ಟಿನ ನಲ್ಲಿಯನ್ನು ಹೊರಗಿನಿಂದಲೇ ಬಂದ್ ಮಾಡಿಸಿದಳು. ರೋಗಿಯ ಅಂಗಡಿಯ ಗಿರಾಕಿಯೊಬ್ಬರು ಕಿಟಕಿಯಲ್ಲಿ ತಂದಿಟ್ಟಿದ್ದ ಲಿಲ್ಲಿ ಹೂಗಳ ಹೂದಾನಿ ಮಾತ್ರ ಅವಳ ಲೆಕ್ಕಕ್ಕೆ ಬರಲಿಲ್ಲ.

"ಸಂಜೆವರೆಗೆ ಇವರಿಗೆ ಒಂದು ಹನಿಯೂ ಕೊಡಬಾರದು. ಆಗಾಗ ತೂಕ ನೋಡ್ತೀವಿ, ಮೂತ್ರ ಅಳೀತೀವಿ. ಕದ್ದು ಕುಡಿದ್ರೆ ಪರೀಕ್ಷೆ ಕೆಟ್ಟ ಹಾಗೆ. ಕಾವಲಿಗೆ ಯಾರಿರ್ತೀರಿ?"

"ನಾನಿದ್ದೀನಲ್ಲ," ಎಂದು ರೋಗಿಯ ಅಣ್ಣ ತನ್ನ ಬೆಳ್ಳನೆಯ ಮೀಸೆ ನೀವಿಕೊಂಡ.

ಅಣ್ಣತಮ್ಮಂದಿರದು ಒಂದೇ ಟೈಲರ್ ಅಂಗಡಿ. ಅಣ್ಣ ಬಟ್ಟೆ ಕತ್ತರಿಸುವವನು, ತಮ್ಮ ಹೊಲಿಯುವವನು. ಈಚೆಗೆ ತಮ್ಮ ಒಂದು ತೋಳು ಕೂಡಿಸುವುದರೊಳಗೆ ಕೊಡಗಟ್ಟಲೆ ನೀರು ಕುಡಿದು ಟಾಯ್ಲೆಟ್ಟಿಗೆ ಓಡುತ್ತಿದ್ದ. ಅಪರೂಪದ ಒಂದು ಕಾಯಿಲೆಯಲ್ಲಿ ದಾರಿತಪ್ಪಿದ ಜೀವಕೋಶಗಳು ಮೆದುಳಿನ ಬುಡದ ಗ್ರಂಥಿಯಲ್ಲಿ ಹೋಗಿ ಕೂತು, ನೀರನ್ನು ಮೈಯಲ್ಲಿ ಹಿಡಿದಿಡುವ ಹಾರ್ಮೋನನ್ನೇ ಕಟ್ಟಿಹಾಕುತ್ತವಂತೆ. ಡಾಕ್ಟರ ಅನುಮಾನ ಅದು. ಅಣ್ಣನದು ಬೇರೆ.

"ಕಾಯಿಲೆಯೂ ಇಲ್ಲ, ಕಸಾಲೆಯೂ ಇಲ್ಲ. ಚಟ ಕಣೋ ಇದು. ಮನಸ್ಸು ಗಟ್ಟಿ ಇರಬೇಕು. ನೋಡ್ತಿರು, ಸಂಜೆವರೆಗೆ ನಾನೂ ಕುಡಿಯಲ್ಲ. ನೀನೇನಾದ್ರೂ ಕದ್ದು ಕುಡಿದ್ಯೋ, ನಾಳೆಯಿಂದ ನಿನ್ನ ಮಿಷನ್ನಿಗೆ ಬೇರೆಯವನು."

"ಆಗಲಿ ಅಣ್ಣ." ತಮ್ಮನ ನಾಲಿಗೆ ಆಗಲೇ ಅಂಗುಳಕ್ಕೆ ಅಂಟುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಫ್ಯಾನು ಬಿಸಿಗಾಳಿ ಬೀಸತೊಡಗಿತು. ಅಣ್ಣನ ಇಂದ್ರಿಯನಿಗ್ರಹದ ಪುರಾಣ ಇನ್ನೂ ಮುಗಿದಿರಲಿಲ್ಲ. ಮಾತು ಮಾತ್ರ ಗಂಟಲನ್ನು ಕೆರೆದುಕೊಂಡು ಬರುತ್ತಿತ್ತು. ತಮ್ಮ ಅಳತೆಯ ಜಾಡಿ ಹಿಡಿದು ಮತ್ತೆ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡ. ಪುರಾಣ ಥಟ್ಟನೆ ನಿಂತಿತು.

ಅವನು ಹೊರಬರುವುದಕ್ಕೂ ನರ್ಸ್ ಒಳಬರುವುದಕ್ಕೂ ಸರಿಹೋಯಿತು. ಹೂಗಳು ಒಂದು ಪಕ್ಕಕ್ಕೆ ವಾಲಿದ್ದವು. ಅವಳು ಹೂದಾನಿ ಎತ್ತಿ ನೋಡಿದಳು. ತಳದಲ್ಲಿ ಹನಿಯಿಲ್ಲ.

"ಕುಡಿದುಬಿಟ್ರಾ?" ತಮ್ಮನತ್ತ ತಿರುಗಿದಳು. "ಇಡೀ ದಿನ ದಂಡವಾಯ್ತಲ್ರೀ!"

"ದೇವರಾಣೆ ಇಲ್ಲ ಸಿಸ್ಟರ್."

ಕಾವಲಿಗಿದ್ದವನನ್ನು ನೋಡಿದಳು. ಅಣ್ಣ ಫ್ಯಾನು ನೋಡುತ್ತಿದ್ದ.

ಅವಳು ತಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಮುಳ್ಳು ಹಿಂದಿನ ಸಲಕ್ಕಿಂತ ಚೆನ್ನಾಗಿಯೇ ಕೆಳಗಿಳಿದಿತ್ತು. ಜಾಡಿಯಲ್ಲಿದ್ದದ್ದು ಆಗಲೂ ನೀರಿನಷ್ಟೇ ತಿಳಿ.

"ಕುಡಿದಿದ್ರೆ ಇಷ್ಟು ಇಳೀತಿರಲಿಲ್ಲ," ಎಂದಳು, ತಗ್ಗಿದ ದನಿಯಲ್ಲಿ. "ಕುಡಿಯದಿದ್ರೂ ಮೂತ್ರ ಹೀಗೇ ಹೋಗ್ತಿದೆ. ಇದು ಚಟ ಅಲ್ಲ ಬಿಡಿ. ಡಾಕ್ಟರನ್ನ ಕರ್ಕೊಂಡು ಬರ್ತೀನಿ."

ಅವಳು ಹೋದ ಮೇಲೆ ತಮ್ಮ ಒಡೆದ ತುಟಿಗಳನ್ನು ಕಷ್ಟಪಟ್ಟು ಬಿಡಿಸಿದ.

"ಅವರು ಬರೋದ್ರೊಳಗೆ ಮೀಸೆ ಒರೆಸ್ಕೋ ಅಣ್ಣ. ಹೂವಿನ ಹಳದಿ ಪುಡಿ ಹತ್ತಿದೆ."